ಮೊಣಕಾಲಿನ ನಂತರ ನಾನು

ಕಾರಣವಿಲ್ಲದೆ ಯಾರೂ ಒಳ್ಳೆಯವರಾಗಿರುವುದಿಲ್ಲ ಎಂದು ನಂಬಿಕೊಂಡವನು ನಾನು. ಬಹುಶಃ ಅದಕ್ಕೇ ಒಳ್ಳೆಯವರು ಹುಡುಕಿಕೊಂಡು ಬರುತ್ತಲೇ ಇರುತ್ತಾರೆ. ಕನ್ನಡನಾಡಿನಿಂದ ದೂರ, ಈ ಮಹಾನಗರದ ಸದರ್ನ್ ಅವೆನ್ಯೂದಲ್ಲಿ ಒಬ್ಬನೇ ಇದ್ದೇನೆ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತೇನೆ. ಹುಟ್ಟಿನಿಂದ ಕ್ರೈಸ್ತ, ಎಂ.ಎ. ಮುಗಿಯುವ ಹೊತ್ತಿಗೆ ಅದೂ ಮುಗಿದಿತ್ತು.

ಡಬ್ಬಿ

ಜ್ವರ ಬಂದು ಮಲಗಿದ ನಾಲ್ಕನೇ ದಿನ ಬಾಗಿಲಲ್ಲಿ ಅಪರಿಚಿತ ಹೆಂಗಸು, ಕೈಯಲ್ಲಿ ಗಂಜಿಯ ಡಬ್ಬಿ. ಧಾರವಾಡದವರಂತೆ, ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಮ್ಯಾನೇಜರ್. ಭಾನುವಾರ ಸಂಜೆ ಅವರ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟ. ನನ್ನ ಜ್ವರದ ಸುದ್ದಿ ಮುಟ್ಟಿಸಿದವನು ನಮ್ಮ ವಾಚ್‌ಮನ್. ನನಗೆ ಎಲ್ಲ ಅರ್ಥವಾಯಿತು.

“ಇದನ್ನು ಕುಡಿದರೆ ನಾನೇನು ಮಾಡಬೇಕಾಗುತ್ತೆ?” ನೇರವಾಗಿ ಕೇಳಿದೆ.

ಕೂಟದವರೆಲ್ಲ ‘ಅಕ್ಕ’ ಎನ್ನುವ ಆಕೆ ಡಬ್ಬಿಯನ್ನು ನನ್ನ ಕೈಗಿಟ್ಟರು. “ಡಬ್ಬಿ ತೊಳದು ಕೊಡ್ರಿ ಸರ. ಹ್ವಾದ ಸಲ ಒಬ್ಬರು ತೊಳೀದ ಹಂಗ ಕೊಟ್ಟಿದ್ರು.”

ಪಟ್ಟಿ

ಡಬ್ಬಿ ಹಿಂತಿರುಗಿಸಲು ಹೋದದ್ದು ಭಾನುವಾರ ಸಂಜೆಯೇ ಆಯಿತು. ಅಕ್ಕ ನೋಟ್‌ಬುಕ್ಕಿನಿಂದ ಪ್ರಾರ್ಥನೆಯ ಬೇಡಿಕೆಗಳನ್ನು ಓದುತ್ತಿದ್ದರು: ನಿವೃತ್ತ ಮೇಷ್ಟರೊಬ್ಬರ ಮೊಣಕಾಲು, ಸದರ್ನ್ ಅವೆನ್ಯೂದ ಒಂಟಿ ಪ್ರೊಫೆಸರ್, ಯಾರದೋ ವರ್ಗಾವಣೆ. ಹತ್ತು ಹನ್ನೆರಡು ಜನ ನನಗಾಗಿ ಕಣ್ಣು ಮುಚ್ಚಿದ್ದರು. ನಾನು ತೆರೆದೇ ಇದ್ದೆ. ಆದರೆ ಚಿಕ್ಕಂದಿನಲ್ಲೇ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆ ಬಂದಾಗ ನನ್ನ ಬಾಯಿ ನನ್ನನ್ನು ಕೇಳದೆ ಪೂರ್ತಿ ಹೇಳಿ ಮುಗಿಸಿತು.

ಆಮೇಲೆ ಪ್ರತಿಭಟಿಸಿದೆ. “ನನ್ನನ್ನು ಪಟ್ಟಿಯಿಂದ ತೆಗೆಯಿರಿ.”

“ಬೇಡಿಕೆ ಈಡೇರೂತನಕ ಅಳಸಂಗಿಲ್ರಿ. ಸಾಲಿನ್ಯಾಗ ಇರ್ರಿ. ಆ ಮೊಣಕಾಲು ನಾಕು ವರ್ಷದಿಂದ ಕಾಯಾಕತ್ತೇತಿ.”

ಬಾಗಿಲು

ಪಟ್ಟಿಯ ಮೇಲೆ ಕಣ್ಣಿಡಲೆಂದು ಪ್ರತಿ ವಾರ ಹೋಗತೊಡಗಿದೆ. ಸದಸ್ಯತ್ವದ ಮಾತು ಬಂದ ಕೂಡಲೇ ಎದ್ದು ಹೋಗುವಂತೆ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದೆ. ಆ ಮಾತು ಬರಲೇ ಇಲ್ಲ. ತಡವಾಗಿ ಬಂದವರಿಗೆಲ್ಲ ಬಾಗಿಲು ತೆಗೆಯುವುದು ಮಾತ್ರ ನನ್ನ ಕೆಲಸವಾಯಿತು.

ಒಮ್ಮೆ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಐಟಿ ಹುಡುಗಿಯೊಬ್ಬಳು ಹೊಸ್ತಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಂಕಲ್, ಒಳಗೆ ಬಂದ್ರೆ ಏನಾದ್ರೂ ಮಾಡ್ಬೇಕಾ?”

“ಡಬ್ಬಿ ಕೊಟ್ಟರೆ ತೊಳೆದು ಕೊಡಬೇಕಮ್ಮ,” ಎಂದೆ.

ಅಳಿಸಿದ್ದು

ಕಳೆದ ತಿಂಗಳು ಅಕ್ಕ ಎಂದಿನಂತೆ ಪಟ್ಟಿ ಓದಿದರು. ಮೊಣಕಾಲಿನ ನಂತರ ನೇರ ವರ್ಗಾವಣೆ. ನಾನಿಲ್ಲ. ಇವರೂ ಕೈಬಿಟ್ಟರು ಎನಿಸಿ ಚಹಾ ಲೋಟ ಕೆಳಗಿಟ್ಟೆ.

“ಯಾರನ್ನು ಕೇಳಿ ನನ್ನನ್ನು ತೆಗೆದಿರಿ?”

“ಬುಧವಾರ ಫೋನ್ ಹಚ್ಚಿದ್ದೆ. ಮನ್ಯಾಗ ಜನ ಅದಾರ, ಆಮ್ಯಾಲೆ ಮಾಡ್ರಿ ಅಂದ್ರಿ. ಅವತ್ತ ಅಳಿಸೀನಿ.”

ಜನ ಇದ್ದದ್ದು ನಿಜ. ಮೊಣಕಾಲಿನ ಮೇಷ್ಟರು ಮತ್ತು ಆ ಹುಡುಗಿ ನನ್ನ ಉಪ್ಪಿಟ್ಟು ತಿನ್ನುತ್ತಲೇ, ದೇವರಿದ್ದಾನೆಂದು ನನ್ನೊಡನೆ ಜಗಳವಾಡುತ್ತಿದ್ದರು. ಆದರೂ ನಾನು ಬಿಡಲಿಲ್ಲ. “ಒಂದು ಬುಧವಾರದಿಂದ ಏನೂ ಸಾಬೀತಾಗಲ್ಲ. ಪುರಾವೆ ಸಾಲದು. ವಾಪಸ್ ಬರೆಯಿರಿ.”

ಅಕ್ಕ ಪೆನ್ನು ತೆಗೆದರು. ಮುಂದಿನ ಭಾನುವಾರ ಓದಿದರು: “ಮೇಷ್ಟರ ಮೊಣಕಾಲು. ಪ್ರೊಫೆಸರರ ಸಂಶಯ. ವರ್ಗಾವಣೆ.”

ಎಲ್ಲರೂ ಆಮೆನ್ ಎಂದರು. ಮೇಷ್ಟರು ನನ್ನ ಕಡೆ ವಾಲಿ ಪಿಸುಗುಟ್ಟಿದರು: “ವರ್ಗಾವಣೆ ಇವತ್ತಲ್ಲ ನಾಳೆ ಆಗಿಬಿಡುತ್ತೆ ಸಾರ್. ನಾವಿಬ್ರೇ ಪರ್ಮನೆಂಟ್.”