ಸೊಂಟ ದಾಟದ ಕಾಲು

ದಣಿವಿನಲ್ಲಿ ಎರಡು ಜಾತಿ ಎಂಬುದು ನನ್ನ ಅನುಭವ. ಕೆಲಸ ಮಾಡಿ ಬರುವ ದಣಿವು ಒಂದು; ಮೈಗೆ ಒಳ್ಳೆಯದಾಗಲಿ ಎಂದು ಏನನ್ನೋ ಮಾಡಲು ಹೋಗಿ ತಂದುಕೊಳ್ಳುವ ದಣಿವು ಇನ್ನೊಂದು. ಮೊದಲನೆಯದಕ್ಕೆ ಮನೆಯಲ್ಲಿ ಒಂದು ಕಪ್ ಚಹಾ ಆದರೂ ಸಿಗುತ್ತದೆ, ಅದನ್ನೂ ನಾವೇ ಮಾಡಿಕೊಂಡರೆ. ಎರಡನೆಯದಕ್ಕೆ ಅದೂ ಇಲ್ಲ, ‘ಯಾರು ಮಾಡಂದಿದ್ರು?’ ಎಂಬ ಪ್ರಶ್ನೆ ಸಿಗುತ್ತದೆ, ಅಷ್ಟೇ. ನನ್ನ ಪಾಲಿನ ವಿಶೇಷವೆಂದರೆ, ಮಾಡು ಎಂದವರೂ ಆಮೇಲೆ ಈ ಪ್ರಶ್ನೆ ಕೇಳಿದವರೂ ಒಬ್ಬರೇ, ನಮ್ಮ ಅತ್ತೆ. ನಲವತ್ತು ದಾಟಿದ, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದಕ್ಕೇ ಕಂಬಿ ಹಿಡಿದು ದೇವರನ್ನು ನೆನೆಯುವ ನಾನು ಬಿಳಿ ಪೈಜಾಮ ತೊಟ್ಟು ಗಾಳಿಗೆ ಒದೆಯುವ ಸ್ಥಿತಿಗೆ ಹೇಗೆ ಬಂದೆ ಎಂಬುದನ್ನು ಯಾರ ಮುಂದಾದರೂ ಹೇಳಿಕೊಂಡರೆ ಮೊಣಕಾಲಿಗೆ ಸ್ವಲ್ಪ ಹಗುರಾದೀತು ಎಂಬ ಆಸೆ.

ನಮ್ಮದು ಬ್ಯಾಡಗಿ. ಮನೆಯವರಿಗೆ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಗೋಣಿಚೀಲದ ಅಂಗಡಿ. ಮಗಳು ಅಕ್ಷತಾ ಆಗ ಒಂಬತ್ತನೆಯ ತರಗತಿ. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ರಾಣೆಬೆನ್ನೂರಿನಿಂದ ಬಂದ ಹುಡುಗಿಯರು ಕೈಯಿಂದ ಹಂಚು ಒಡೆದು ತೋರಿಸಿದ್ದನ್ನು ನೋಡಿದವಳು, ಮನೆಗೆ ಬಂದು ಹಿತ್ತಲಲ್ಲಿ ಒಡೆಯಬಹುದಾದದ್ದನ್ನೆಲ್ಲ ಒಡೆದಳು. ಕರಾಟೆ ಕಲಿಯಲೇಬೇಕು ಎಂದು ಹಟ ಹಿಡಿದು ರಾತ್ರಿಯ ಊಟ ಬಿಟ್ಟಳು. ಊಟ ಬಿಟ್ಟರೆ ನಮ್ಮ ಅತ್ತೆ ತಡೆದುಕೊಳ್ಳುವವರಲ್ಲ. “ಕಲೀಲಿ, ನಾ ಬ್ಯಾಡ ಅಂದ್ನೇನು?” ಎಂದರು. “ಆದ್ರ ರಾಣೆಬೆನ್ನೂರಿಗೆ ಒಬ್ಬಾಕೀನ ಕಳಸೂದು ಮಾತ್ರ ಆಗಂಗಿಲ್ಲ. ಇವರವ್ವ ಜೋಡಿ ಹೋಗ್ಲಿ. ಹುಡುಗಿ ಆಕಿ ಕಣ್ಣಮುಂದನ ಇರಬೇಕು. ಅವ್ವ ಹೋಗಂಗಿಲ್ಲ ಅಂದ ದಿನಾ ಕರಾಟೀನೂ ಬಂದ್.” ಮನೆಯವರು ಪೇಪರಿನಿಂದ ತಲೆ ಎತ್ತದೆಯೇ ಒಪ್ಪಿಗೆ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ, ಅದೇನೂ ಹೊಸದಲ್ಲ.

ತರಗತಿ ರವಿವಾರ ಬೆಳಿಗ್ಗೆ, ಒಂದು ಶಾಲೆಯ ಆವರಣದಲ್ಲಿ. ಮಗಳು ಕಲಿಯುವಷ್ಟು ಹೊತ್ತು ಮರದ ಕೆಳಗೆ ಕುಳಿತು ವಾರಪತ್ರಿಕೆ ಓದಬಹುದು ಎಂದು ಲೆಕ್ಕ ಹಾಕಿ ಚೀಲದಲ್ಲಿ ಒಂದನ್ನು ಇಟ್ಟುಕೊಂಡೇ ಹೋಗಿದ್ದೆ. ಕರಾಟೆ ಸರ್ ಸಣಕಲು ಯುವಕ, ದೇಹದ ಮಾಂಸವೆಲ್ಲ ಧ್ವನಿಗೆ ಹೋಗಿತ್ತು. “ಅಕ್ಕಾರ, ಇಲ್ಲಿ ನೋಡ್ಕೋತ ಕುಂದ್ರೂ ಪದ್ಧತಿ ಇಲ್ರಿ” ಎಂದ. “ಪಾಲಕರು ಕುಂತ್ರ ಹುಡುಗ್ರ ಲಕ್ಷ್ಯ ಅವರ ಮ್ಯಾಲ. ಗೇಟಿನ ಹೊರಗರ ನಿಂದ್ರಿ, ಇಲ್ಲಾ ಲೈನಿನ್ಯಾಗರ ನಿಂದ್ರಿ.” ಗೇಟಿನ ಹೊರಗೆ ನಿಂತರೆ ಕಾಣುವುದು ಕಾಂಪೌಂಡ್ ಗೋಡೆ ಮಾತ್ರ, ಮಗಳು ಕಣ್ಣಮುಂದೆ ಇದ್ದಳೇ ಎಂದು ಸಂಜೆ ಅತ್ತೆ ಕೇಳಿದರೆ ಏನು ಹೇಳಲಿ? ಮೇಲಾಗಿ ಹೊರಗೆ ಬಿಸಿಲು, ಲೈನಿನಲ್ಲಿ ನೆರಳಿತ್ತು. ನೆರಳಿಗಾಗಿ ಸಮರಕಲೆಗೆ ಸೇರಿದವಳು ಈ ಭೂಮಿಯ ಮೇಲೆ ಬಹುಶಃ ನಾನೊಬ್ಬಳೇ.

ಗುದ್ದುವುದರಲ್ಲಿ ನಾನು ಮೊದಲ ದಿನವೇ ಹೆಸರು ಮಾಡಿದೆ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಇಷ್ಟು ವರ್ಷ ಎರಡೂ ಹೊತ್ತು ಜೋಳದ ರೊಟ್ಟಿ ಬಡಿದ ಕೈ ಇದು. ಸರ್ ಎದುರಿಗೆ ಹಿಡಿದ ದಿಂಬಿಗೆ ಒಂದು ಕೊಟ್ಟೆ, ಅವನು ದಿಂಬಿನ ಸಮೇತ ಹಿಂದೆ ಸರಿದ. ತೊಂದರೆ ಇದ್ದದ್ದು ಕಾಲಿನಲ್ಲಿ. ಎದುರಾಳಿಯ ಎದೆಯ ಮಟ್ಟಕ್ಕೆ ಒದೆಯಬೇಕು ಎಂದರೆ ನನ್ನ ಕಾಲು ಮೊಣಕಾಲಿನ ಮಟ್ಟಕ್ಕೆ ಹೋಗಿ, ಅಲ್ಲಿ ಸ್ವಲ್ಪ ಯೋಚಿಸಿ, ವಾಪಸು ಬರುತ್ತಿತ್ತು. ಪಕ್ಕದಲ್ಲಿ ಆರನೆಯ ತರಗತಿಯ ಹುಡುಗಿಯರು ತಮ್ಮ ಹಣೆಗೆ ತಾವೇ ಒದ್ದುಕೊಳ್ಳುವ ಹಾಗೆ ಕಾಲು ಎತ್ತುತ್ತಿದ್ದರು. ಎದುರಾಳಿ ಯಾರಾದರೂ ಕುಳ್ಳನೇ ಬಂದರೆ ಸಾಕಪ್ಪ ಎಂದುಕೊಳ್ಳುತ್ತಿದ್ದೆ.

ಹೀಗೇ ಸಾಗಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಒಂದು ರವಿವಾರ ಸರ್ ಮೊದಲ ಬೆಲ್ಟಿನ ಪರೀಕ್ಷೆಯ ಮಾತು ತೆಗೆದ. ಪಾಸಾದವರು ರವಿವಾರದ ತಂಡದಲ್ಲೇ ಮುಂದುವರಿಯಬೇಕು, ಆಗದವರು ಬುಧವಾರ ಸಂಜೆಯ ಎಳೆಮಕ್ಕಳ ತಂಡಕ್ಕೆ ಹೋಗಬೇಕು. ಅಕ್ಷತಾ ಪಾಸಾಗುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಗದೇ ಉಳಿಯುವವಳು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ನಾನು ಬುಧವಾರಕ್ಕೆ ಹೋದರೆ ರವಿವಾರ ಮಗಳು ನನ್ನ ಕಣ್ಣಮುಂದೆ ಇರುವುದಿಲ್ಲ. ಮಗಳು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, “ಅವ್ವಾ, ನೀ ನಪಾಸಾದ್ರ ಅಜ್ಜಿ ನನ್ನ ಬಿಡಸಿಬಿಡ್ತಾಳ. ಹೆಂಗರ ಮಾಡಿ ಕಾಲೆತ್ತವಾ” ಎಂದಳು. ಶಾಲೆಯ ಪರೀಕ್ಷೆಯ ಹಿಂದಿನ ದಿನ ನಾನು ಅವಳಿಗೆ ಗಣಿತದ ಬಗ್ಗೆ ಹೇಳುವ ಮಾತನ್ನೇ ಅವಳು ಕಾಲಿನ ಬಗ್ಗೆ ಹೇಳುತ್ತಿದ್ದಳು. ನನಗೆ ನಿಜಕ್ಕೂ ದುಃಖವಾಯಿತು. ಆ ಹುಡುಗಿ ಒದೆಯುವಾಗ ಅವಳ ಮುಖದಲ್ಲಿ ಬರುವ ಬೆಳಕು ಬೇರೆ ಯಾವುದರಲ್ಲೂ ಬರುತ್ತಿರಲಿಲ್ಲ. ನನ್ನ ಒಂದು ಸೊಂಟದ ಕೀಲಿಗಾಗಿ ಅದು ನಿಂತುಹೋಗುವುದೆಂದರೆ ಏನು? ಸರ್ ಕೂಡ ಕನಿಕರದಿಂದ, “ಮೈ ಸಡ್ಲ ಆಗಬೇಕ್ರಿ ಅಕ್ಕಾರ. ಯೋಗ ಮಾಡ್ರಿ, ತಾನ ಬರ್ತೈತಿ” ಎಂದ.

ಆಗ ಯೋಗಕ್ಕೇನೂ ಬರವಿರಲಿಲ್ಲ. ಬೆಳಿಗ್ಗೆ ಟೀವಿ ಹಚ್ಚಿದರೆ ದೇಶಕ್ಕೆ ದೇಶವೇ ಹೊಟ್ಟೆ ಒಳಗೆ ಎಳೆದು ಮೂಗಿನಿಂದ ಗಾಳಿ ಬಿಡುತ್ತಿದ್ದ ಕಾಲ ಅದು. ನಮ್ಮೂರಿನಲ್ಲಿ ನಿವೃತ್ತ ಹೈಸ್ಕೂಲು ಮಾಸ್ತರರೊಬ್ಬರು ಮಾರುಕಟ್ಟೆಯ ಹಿಂದಿನ ಸಮುದಾಯ ಭವನದಲ್ಲಿ ಯೋಗ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಹಾಲು ಕಾಯಿಸಿಟ್ಟು, ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಚಾಪೆ ಕಂಕುಳಲ್ಲಿ ಹಿಡಿದು ಓಡತೊಡಗಿದೆ. ಕಾಲು ಅಗಲಿಸಿ ಕುಳಿತು ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು ಎನ್ನುವ ಆಸನದಲ್ಲಿ, ನನ್ನ ಹಣೆಗೂ ನೆಲಕ್ಕೂ ನಡುವೆ ಒಂದು ಸಂಸಾರ ಇಳಿದುಕೊಳ್ಳುವಷ್ಟು ಜಾಗ ಉಳಿಯುತ್ತಿತ್ತು. ಗುರುಗಳು ಮಾತ್ರ ಎಂದೂ ಗದರಲಿಲ್ಲ. “ಒತ್ತಾಯ ಮಾಡಬ್ಯಾಡ್ರಿ ತಂಗೀ. ಶರೀರ ಏನಂತೈತಿ ಕೇಳ್ರಿ” ಎನ್ನುತ್ತಿದ್ದರು. ನನ್ನ ಶರೀರ ಏನು ಹೇಳುತ್ತಿತ್ತು ಎಂಬುದನ್ನು ಹಿರಿಯರ ಮುಂದೆ ಹೇಳುವಂತಿರಲಿಲ್ಲ.

ಒಂದೇ ಒಂದು ಆಸನದಲ್ಲಿ ನನ್ನನ್ನು ಮೀರಿಸುವವರು ಆ ಭವನದಲ್ಲಿ ಇರಲಿಲ್ಲ, ಅದು ಶವಾಸನ. ಉಳಿದವರು ಕೊನೆಗೆ ಐದು ನಿಮಿಷ ಮಲಗಿ ಚಡಪಡಿಸುತ್ತಿದ್ದರು. ಒಬ್ಬರಿಗೆ ಅಂಗಡಿಯ ಬಾಗಿಲು, ಒಬ್ಬರಿಗೆ ನಳದ ನೀರು. ನಾನು ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿದರೆ ಮುಗಿಯಿತು. ಯಾರೂ ಚಹಾ ಕೇಳದ, ಯಾರೂ ಕಾಲುಚೀಲ ಎಲ್ಲಿದೆ ಎಂದು ಕೂಗದ ಅಂಥ ಹೊತ್ತು ನನಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ. ಗುರುಗಳು ಹೊಸಬರಿಗೆ ನನ್ನನ್ನೇ ತೋರಿಸಿ, “ಶರೀರ ಬಿಡೂದು ಅಂದ್ರ ಹಿಂಗ ನೋಡ್ರಿ” ಎನ್ನುತ್ತಿದ್ದರಂತೆ. ನಾನು ಕೇಳಿಸಿಕೊಂಡಿಲ್ಲ, ನಿದ್ದೆ ಹೋಗಿರುತ್ತಿದ್ದೆನಲ್ಲ. ಕರಾಟೆಯಲ್ಲಿ ಶವಾಸನಕ್ಕೆ ಬೆಲ್ಟ್ ಕೊಡುವ ಪದ್ಧತಿ ಇಲ್ಲದಿರುವುದು ಒಂದು ದೊಡ್ಡ ಕೊರತೆ.

ಅಷ್ಟರಲ್ಲಿ ಮೆಣಸಿನಕಾಯಿಯ ಹಂಗಾಮು ಬಂತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಪರವೂರಿನವರು ಹೊಗಳುತ್ತಾರೆ. ಅವರು ಸಂತೆಯ ದಿನ ಮಾರುಕಟ್ಟೆಯ ಹಿಂದೆ ಕುಳಿತು ಪ್ರಾಣಾಯಾಮ ಮಾಡಿಲ್ಲ. ಹಂಗಾಮಿನಲ್ಲಿ ಈ ಊರಿನವರು ಆಳವಾಗಿ ಉಸಿರಾಡುವುದೇ ಇಲ್ಲ. ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಉಸಿರು ತೆಗೆದುಕೊಂಡು ಅಲ್ಲಿಂದಲೇ ಕಳಿಸುವುದನ್ನು ಕಲಿತಿರುತ್ತೇವೆ. ನಿವೃತ್ತಿಯ ನಂತರವಷ್ಟೇ ಬೆಳಗಾವಿಯ ಕಡೆಯಿಂದ ಬಂದು ನೆಲೆಸಿದ್ದ ಗುರುಗಳಿಗೆ ಇದು ಗೊತ್ತಿರಲಿಲ್ಲ. “ದೀರ್ಘವಾಗಿ ಒಳಗ ತಗೋರಿ” ಎಂದರು. ಗುರುಗಳ ಮಾತು ಮೀರಬಾರದೆಂದು ಎಲ್ಲರೂ ತೆಗೆದುಕೊಂಡೆವು. ಹೊರಗೆ ಹಮಾಲರು ಆಗಷ್ಟೇ ಚೀಲ ಸುರಿಯುತ್ತಿದ್ದರು. ಆಮೇಲೆ ಭವನದಲ್ಲಿ ನಡೆದ ಸೀನಿನ ಸಮಾರಂಭವನ್ನು ನಾನು ವರ್ಣಿಸಲಾರೆ. ಕೊನೆಗೆ ಗುರುಗಳು ಕಣ್ಣೊರೆಸಿಕೊಳ್ಳುತ್ತ, “ಇವತ್ತು ಹೊರಗ ಬಿಡೂದು ಅಷ್ಟ ಮಾಡ್ರಿ, ಒಳಗ ತಗೊಳ್ಳೂದು ಬ್ಯಾಡ” ಎಂದುಬಿಟ್ಟರು.

ಇಬ್ಬರು ಗುರುಗಳ ನಡುವೆ ನಾನು ಹಣ್ಣಾದೆ. ಒಬ್ಬರು ಮೈ ಬಿಡು ಎನ್ನುತ್ತಾರೆ, ಇನ್ನೊಬ್ಬ ಮೈ ಬಿಗಿ ಎನ್ನುತ್ತಾನೆ. ಒಬ್ಬರು ನಸುನಗು ಇರಲಿ ಎನ್ನುತ್ತಾರೆ, ಇನ್ನೊಬ್ಬ ಒದೆಯುವಾಗ ಹೊಟ್ಟೆಯಿಂದ ಕೂಗಬೇಕು ಎನ್ನುತ್ತಾನೆ. ನಾನು ಯೋಗದಲ್ಲಿ ಮುಷ್ಟಿ ಕಟ್ಟಿ ಕುಳಿತುಕೊಳ್ಳುತ್ತಿದ್ದೆ, ಕರಾಟೆಯಲ್ಲಿ ಕಣ್ಣು ಮುಚ್ಚಿ ನಸುನಗುತ್ತ ಒದೆಯುತ್ತಿದ್ದೆ. ಕೂಗು ಮಾತ್ರ ಎಲ್ಲೂ ಹೊರಡಲಿಲ್ಲ. ಮನೆಯ ಹೊಸಿಲಿನ ಹೊರಗೆ ಧ್ವನಿ ಎತ್ತಿ ಅಭ್ಯಾಸವಿರಲಿಲ್ಲವಲ್ಲ. ಇಷ್ಟಾದರೂ, ಯೋಗದ ಪುಣ್ಯವೋ ಏನೋ, ಕಾಲು ನಿಧಾನವಾಗಿ ಮೇಲೇರತೊಡಗಿತ್ತು. ಮೊಣಕಾಲು ಬಿಟ್ಟು ತೊಡೆಗೆ ಬಂತು, ತೊಡೆ ಬಿಟ್ಟು ಸೊಂಟಕ್ಕೆ ಬಂತು. ಅಲ್ಲಿಗೆ ನಿಂತಿತು. ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಕಂಡು ಅತ್ತೆ, “ಯಾರು ಮಾಡಂದಿದ್ರವಾ ಇದನ್ನೆಲ್ಲಾ?” ಎಂದರು. ನಾನು ಎಣ್ಣೆ ತಿಕ್ಕುತ್ತಲೇ ಇದ್ದೆ.

ಪರೀಕ್ಷೆಯ ದಿನ ಕಲಿಯುವವರ ಮನೆಮಂದಿಗೂ ಪ್ರವೇಶವಿತ್ತು. ಕುಪ್ಪೇಲೂರಿನ ತಂಗಿಯ ಮನೆಗೆ ಹೋಗಿದ್ದ ಅತ್ತೆ ನೇರ ಅಲ್ಲಿಂದಲೇ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ನನ್ನ ಸರದಿ ಬಂತು. ಎದುರಿಗೆ ಸರ್ ಎದೆಯ ಮಟ್ಟಕ್ಕೆ ದಿಂಬು ಹಿಡಿದು ನಿಂತ. ಮೊದಲ ಒದೆತ ಸೊಂಟಕ್ಕೆ, ಎರಡನೆಯದೂ ಸೊಂಟಕ್ಕೆ. ಇನ್ನೊಂದೇ ಅವಕಾಶ. ಅಕ್ಷತಾ ಕಣ್ಣು ಮುಚ್ಚಿಕೊಂಡದ್ದು ಕಾಣಿಸಿತು. ಗುರುಗಳನ್ನು ನೆನೆದು ದೀರ್ಘವಾಗಿ ಉಸಿರು ಒಳಗೆ ಎಳೆದುಕೊಂಡೆ. ಸಮವಸ್ತ್ರವನ್ನು ಹಿಂದಿನ ದಿನವಷ್ಟೇ ಒಗೆದು ಮಾಳಿಗೆಯ ಮೇಲೆ ಒಣಹಾಕಿದ್ದೆ, ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿದ್ದರು ಎಂಬುದು ಆಗ ನೆನಪಾಯಿತು. ಕಾಲು ಎತ್ತುವುದಕ್ಕೂ ಸೀನು ಬರುವುದಕ್ಕೂ ಸರಿಹೋಯಿತು. ಅಂಥ ಸೀನು ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಮೈಯೆಲ್ಲ ಒಮ್ಮೆಗೇ ಹಿಂದಕ್ಕೆ ಜಗ್ಗಿ, ಕಾಲು ಮುಂದಕ್ಕೆ ಹಾರಿ, ದಿಂಬು ಸರ್ ಕೈಯಿಂದ ಕಿತ್ತುಹೋಯಿತು. “ವ್ಹಾ ಅಕ್ಕಾರ! ಈ ಧ್ವನಿ ಇಷ್ಟ ದಿನಾ ಎಲ್ಲಿಟ್ಟಿದ್ರಿ?” ಎಂದು ಅವನು ಕೂಗಿದ. ನಾನು ಮೂಗು ಒರೆಸಿಕೊಂಡು ನಮಸ್ಕರಿಸಿದೆ. ಹಳದಿ ಬೆಲ್ಟ್ ಕಟ್ಟಿಸಿಕೊಳ್ಳುವಾಗ ಅಕ್ಷತಾ ನನ್ನನ್ನು ತಬ್ಬಿಕೊಂಡು ಅತ್ತಳು. ನನಗೂ ಕಣ್ಣೀರು ಬಂತು, ಅರ್ಧ ಸಂತೋಷಕ್ಕೆ, ಅರ್ಧ ಘಾಟಿಗೆ.

ಆಮೇಲೆ ಅಕ್ಷತಾಳ ಸರದಿ. ಅವಳಿಗಿಂತ ಎತ್ತರದ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿದದ್ದನ್ನು ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಅವರ ತೀರ್ಮಾನ ಸಿದ್ಧವಾಗಿತ್ತು. “ಇನ್ನ ಈಕೀಗೆ ಯಾರ ಕಾವಲೂ ಬ್ಯಾಡ. ಈಕಿ ತಂಟೇಕ ಬಂದವರಿಗೆ ಕಾವಲು ಬೇಕು. ಮುಂದಿನ ಐತವಾರದಿಂದ ಒಬ್ಬಾಕೀನ ಹೋಗಿ ಬರ್ಲಿ. ನೀನೂ ಭಾಳ ದಣದೀದಿ, ಮನ್ಯಾಗ ಇರು. ಹೆಂಗೂ ಐತವಾರ ಮಂದಿ ಬರ್ತಾರ, ನಾಕು ರೊಟ್ಟಿ ಹೆಚ್ಚಿಗಿ ಬಡದ್ರಾತು.” ಅಕ್ಷತಾಳ ಮುಖ ಅರಳಿತು. ನನಗೂ ಸಂತೋಷವಾಗಬೇಕಿತ್ತು, ತಿಂಗಳುಗಟ್ಟಲೆ ಬೇಡಿಕೊಂಡ ಬಿಡುಗಡೆ. ಆದರೆ ಆ ಹೆಚ್ಚಿನ ರೊಟ್ಟಿಗಳು ಕಣ್ಣಮುಂದೆ ಬಂದವು. ಬಸ್ಸಿನ ಕಿಟಕಿ, ಮೈದಾನದ ನೆರಳು, ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಬ್ಬರು ಮಾಡಿ ಕೈಗೆ ಕೊಡುವ ಚುರುಮುರಿಯ ಗಿರಮಿಟ್ಟು, ಎಲ್ಲವೂ ಒಟ್ಟಿಗೆ ಹೊರಟು ನಿಂತವು. “ಅದ್ಹೆಂಗ ಆಗ್ತೈತ್ರಿ ಅತ್ತಿ?” ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು. “ಕಾಲ ಭಾಳ ಕೆಟ್ಟೈತಿ. ಹೆಣ್ಣುಹುಡುಗಿ. ಬಸ್ಸಿನ್ಯಾಗ ಎಂತೆಂಥಾವರು ಇರ್ತಾರ. ನನ್ನ ದಣಿವು ಇರ್ಲಿ ಬಿಡ್ರಿ, ನಾ ಜೋಡಿ ಹೋಗ್ತೇನಿ.” ಅತ್ತೆ ನನ್ನನ್ನು ಮೆಚ್ಚುಗೆಯಿಂದ ನೋಡಿ, “ಹಡದಾಕಿ ಕರುಳು, ಖರೇ ಐತಿ” ಎಂದು ಒಪ್ಪಿಕೊಂಡುಬಿಟ್ಟರು.

ಬಸ್ಸಿನಲ್ಲಿ ಅತ್ತೆ ಮುಂದೆ ಕುಳಿತರು, ನಾವಿಬ್ಬರು ಹಿಂದೆ. ಮೋಟೆಬೆನ್ನೂರು ದಾಟಿದ ಮೇಲೆ ಮಗಳು ನನ್ನ ಕಡೆ ಬಾಗಿದಳು. ಅಜ್ಜಿಗೆ ಕೇಳಿಸದಷ್ಟು ಸಣ್ಣ ಧ್ವನಿಯಲ್ಲಿ, “ಅವ್ವಾ, ಬಸ್ಸಿನ್ಯಾಗ ಎಂತೆಂಥಾವರು ಇರ್ತಾರಂತ ನಿನಗ ಹೆಂಗ ಗೊತ್ತು? ಹತ್ತಿದ ಕೂಡ್ಲೆ ನೀ ಮಲ್ಕೊಂಡಬಿಡ್ತಿದ್ದಿ. ನಿನ್ನ ಚೀಲ ಕಾದು, ಊರು ಬಂದಾಗ ಎಬ್ಬಿಸಿ ಇಳಸಾಕಿ ನಾನು” ಎಂದಳು. ನಾನು ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದೆ. ಬ್ಯಾಡಗಿ ಬಂದಾಗ ಅವಳೇ ಎಬ್ಬಿಸಿದಳು.