ಕಡಲ ದಡದಲ್ಲಿ ಅತ್ತೆಯ ಕಣ

ನಮ್ಮ ಮನೆಯಲ್ಲಿ ನಗೋದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ. ಅತ್ತೆ ಬಂದು ಕೂತರೆ ಸಾಕು, ದಿನಕ್ಕೊಂದು ತಮಾಷೆ ತಾನಾಗಿ ನಡೆಯುತ್ತದೆ.

ಯಜಮಾನರಿಗೆ ತಮಿಳುನಾಡಿನ ಕಡಲತೀರದ ಊರಿಗೆ ವರ್ಗವಾದಾಗ ನಾನು ಏಳು ತಿಂಗಳ ಬಸುರಿ. ನಂಗವಳ್ಳಿಯ ತವರಿನಲ್ಲಿ ತಾಯಿ ಇಲ್ಲ, ಹೆರಿಗೆಗೆ ಅತ್ತೆಯೇ ದಿಕ್ಕು. ಅವರೋ ಮೊರಪ್ಪೂರಿನ ಪಕ್ಕದ ಹಳ್ಳಿಯವರು, ಹೊಲ ಬಿಟ್ಟು ಬೇರೆ ಲೋಕ ಕಂಡವರಲ್ಲ. ಹಿಡಿಸದಿದ್ದರೆ ಮಾರನೇ ದಿನವೇ ವಾಪಸ್ ಅಂತ ಷರತ್ತು ಹಾಕಿಯೇ ರೈಲು ಹತ್ತಿದ್ದರು. ಹೆರಿಗೆವರೆಗೂ ನಿಲ್ಲುತ್ತಾರೋ ಇಲ್ಲವೋ ಅನ್ನೋದೇ ನನಗೆ ಹಗಲೂ ರಾತ್ರಿ ಚಿಂತೆ.

1. ಉಪ್ಪುನೀರು

ಬಂದ ದಿನವೇ ಕಡಲು ತೋರಿಸಲು ಕರೆದುಕೊಂಡು ಹೋದೆವು. ಮಾಸಿ ತಿಂಗಳು, ಬೇಸಿಗೆಯ ಶುರು, ಮಳೆಯ ಸುಳಿವಿಲ್ಲ, ನೀಲಿ ನೀರು ಫಳಫಳ ಹೊಳೆಯುತ್ತಿತ್ತು. ಅತ್ತೆ ಕೈ ಮುಗಿಯುತ್ತಾರೆ ಅಂತ ಯಜಮಾನರು ಮೊಬೈಲ್ ಹಿಡಿದು ಕಾದರು. ಅತ್ತೆ ಬಗ್ಗಿ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, ಥೂ ಅಂತ ಉಗಿದರು.

"ಇಷ್ಟು ನೀರು ಐತೆ, ಒಂದು ಬದನೆ ಗಿಡಕ್ಕೂ ಆಗಲ್ಲ. ನಾಳೆ ರೈಲು ಎಷ್ಟೊತ್ತಿಗ್ಲಾ?"

2. ಸೆಗಣಿ ಬಕೆಟ್

ನೀರು ಹಿಡಿಸದಿದ್ದರೂ ಬಿಸಿಲು ಹಿಡಿಸಿತು. ಒಂದು ಬೆಳಿಗ್ಗೆ ಅತ್ತೆ ಮನೆಯಲ್ಲಿ ಕಾಣಲಿಲ್ಲ. ಹೊಟ್ಟೆ ಹೊತ್ತುಕೊಂಡು ಹುಡುಕುತ್ತಾ ಹೋದರೆ ದಡದ ಮರಳನ್ನು ಪೊರಕೆಯಿಂದ ಗುಡಿಸುತ್ತಿದ್ದಾರೆ. ಇಷ್ಟು ಅಗಲದ ಬಯಲು, ಇಂಥ ಬಿಸಿಲು ಸುಮ್ಮನೆ ದಂಡವಾಗುತ್ತಿದೆ, ಇಲ್ಲೊಂದು ಕಣ ಮಾಡಿ ಸಂಡಿಗೆ, ಮೆಣಸಿನಕಾಯಿ ಒಣಗಿಸಬೇಕಂತೆ. ಕಣ ಅಂದಮೇಲೆ ಸೆಗಣಿ ಹಾಕಿ ಸಾರಿಸಬೇಕು. ಸೆಗಣಿ ತರುವ ಭಾಗ್ಯ ಯಜಮಾನರದ್ದು.

ಪಾಪ, ದೇವಸ್ಥಾನದ ಹಸುವಿನ ಹಿಂದೆ ಬಕೆಟ್ ಹಿಡಿದು ತಿರುಗುವಾಗ ವಾಕಿಂಗ್ ಬಂದ ಮೇಲಧಿಕಾರಿಯ ಕಣ್ಣಿಗೇ ಬೀಳಬೇಕೇ? "ಎನ್ನ ಸಾರ್ ಇದು?" ಏನಿದು ಅಂತ ತಮಿಳಿನಲ್ಲಿ ಕೇಳಿದರಂತೆ. ಇವರು ಮಾನ ಉಳಿಸಿಕೊಳ್ಳಲು ರೋಜಾ ಗಿಡಕ್ಕೆ ಗೊಬ್ಬರ ಅಂದುಬಿಟ್ಟರು. ಅವರ ಮನೆಯಲ್ಲೂ ರೋಜಾ ಗಿಡ ಇತ್ತು. ಮಾರನೇ ದಿನದಿಂದ ಇವರ ಕೈಯಲ್ಲಿ ಎರಡು ಬಕೆಟ್.

ಅಷ್ಟು ಪಾಡುಪಟ್ಟು ಸಾರಿಸಿದ ಕಣವನ್ನು ಅಲೆ ಬಂದು ನೆಕ್ಕಿಕೊಂಡು ಹೋಯಿತು. ಅತ್ತೆ ಮತ್ತೆ ಸಾರಿಸಿದರು, ಅದು ಮತ್ತೆ ಬಂತು. ಕಡಲು ದಿನಾ ಏರಿ ಇಳಿಯುತ್ತದೆ ಅಂತ ಮಗ ಬಿಡಿಸಿ ಹೇಳಿದ ಮೇಲೆ ಅವರ ಸಿಟ್ಟು ನೆತ್ತಿಗೇರಿತು.

"ದಿನಾ ಬಂದು ಕಣ ಕೆಡ್ಸೋ ಇಂಥ ನೆರೆಯವರ ಪಕ್ಕ ನಾ ಬಾಳಕ್ಕಾಗಲ್ಲ. ಟಿಕೆಟ್ ಮಾಡ್ಸು."

3. ಕಾಗೆ ಕಾವಲು

ಯಜಮಾನರು ನಿಜವಾಗಿಯೂ ಟಿಕೆಟ್ ಮಾಡಿಸಿದರು. ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಯಾರಿಗೂ ಕೇಳದಂತೆ ಅತ್ತುಬಿಟ್ಟೆ.

ಅಷ್ಟರಲ್ಲಿ ನಮ್ಮನ್ನು ಕಾಪಾಡಿದ್ದು ದಡದಲ್ಲಿ ಮೀನು ಒಣಗಿಸುವ ಅಕ್ಕ. ಅತ್ತೆಯ ಅವಸ್ಥೆ ನೋಡಿ ನಕ್ಕೂ ನಕ್ಕೂ ಸಾಕಾಗಿ, ಅಲೆ ಮುಟ್ಟದ ಮೇಲಿನ ಜಾಗದಲ್ಲಿ ಹಳೇ ಬಲೆ ಹಾಸಿಕೊಟ್ಟಳು. ಈ ಕಡೆ ಅವಳ ಮೀನು, ಆ ಕಡೆ ಇವರ ಸಂಡಿಗೆ, ನಡುವೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಕಾಗೆ ಓಡಿಸುವುದು. ಅತ್ತೆಯ ಕನ್ನಡ ಬೆರೆತ ತಮಿಳು ಅವಳಿಗೆ ನಗು, ಅವಳ ಕಡಲ ದಡದ ತಮಿಳು ಅತ್ತೆಗೆ ನಗು.

ಒಣಗಿದ ಸಂಡಿಗೆ ಊರಿಗೂ ಹೋಯಿತು. ಶನಿವಾರ ಮೀನು ಮಾಂಸದ ಹೆಸರೂ ಎತ್ತದ ಚಿಕ್ಕತ್ತೆ ಫೋನ್ ಮಾಡಿ, ಈ ಸಲದ ಸಂಡಿಗೆಯಲ್ಲಿ ಅದೇನೋ ಹೊಸ ರುಚಿ ಇದೆ, ಶನಿವಾರದ ಊಟಕ್ಕೆ ಅಂತಲೇ ಎತ್ತಿಟ್ಟಿದ್ದೇನೆ ಅಂದರು. ನಾವು ಮೀನಿನ ಬಲೆಯ ಸುದ್ದಿ ಬಿಟ್ಟು, ಇನ್ನೊಂದು ಡಬ್ಬಿ ಕಳಿಸ್ತೀವಿ ಅಂದೆವು.

ಟಿಕೆಟ್ಟಿನ ದಿನ ಬಂತು. ಯಜಮಾನರು ಆಟೋ ತಂದು ನಿಲ್ಲಿಸಿದರೆ ಅತ್ತೆ ಕೋಲು ಹಿಡಿದು ದಡಕ್ಕೆ ಹೊರಟಿದ್ದಾರೆ. ರೈಲಿಗೆ ಹೊತ್ತಾಯಿತು ಅಂದಿದ್ದಕ್ಕೆ ಮಗನನ್ನೇ ಗದರಿದರು.

"ಬೇಕಾದ್ರೆ ನೀ ಓಗ್ಬಾ. ಕಣ ಬಿಟ್ಟು ಯಾವಳಾದ್ರೂ ಊರಿಗೋಗ್ತಾಳಾ?"

4. ಆಸ್ಪತ್ರೆಯಲ್ಲಿ ಗುಡುಗು

ನನಗೆ ನೋವು ಶುರುವಾದ ಮಧ್ಯಾಹ್ನ ದಡದ ತುಂಬ ಕೆಂಪು ಮೆಣಸಿನಕಾಯಿ. ಆಸ್ಪತ್ರೆ ಸೇರಿ ಗಂಟೆಯಾಗಿಲ್ಲ, ನಡು ಬೇಸಿಗೆಯಲ್ಲಿ ಗುಡುಗಿತು. ಅತ್ತೆಯ ಮುಖ ಕಿಟಕಿಗೆ ತಿರುಗಿದ್ದು ನೋಡಿ, ಹೋಗಿ ಬನ್ನಿ ಅಂದೆ. ಅವರು ನನ್ನ ಕೈ ಇನ್ನೂ ಬಿಗಿ ಹಿಡಿದರು.

"ನೆನೀಲಿ ಬಿಡು. ಅದು ಬರೋ ವರ್ಸ ಇನ್ನೊಂದು ಬೆಳೀತದೆ. ನಿನ್ನ ಒಬ್ಳನ್ನೇ ಬಿಟ್ಟು ನಾ ಎಲ್ಲಿಗೋಗ್ಲಿ?"

ಅಷ್ಟು ನೋವಿನಲ್ಲೂ ನನಗೆ ಹಾಯೆನಿಸಿತು. ತಾಯಿ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಏನು ಹೇಳುತ್ತಿದ್ದಳು?

ಅಂದಮಾತ್ರಕ್ಕೆ ಅತ್ತೆ ಮೆಣಸಿನಕಾಯಿ ಕೈಬಿಟ್ಟರು ಅಂದುಕೊಳ್ಳಬೇಡಿ. ಅದನ್ನು ಬಾಚಿ ತರಲು ಮಗನನ್ನು ದಡಕ್ಕೆ ಓಡಿಸಿದರು.

ಮಗಳು ಹುಟ್ಟಿದಳು. ಮಳೆ ಬಂದಷ್ಟೇ ಬೇಗ ನಿಂತು ಬಿಸಿಲು ಬಿದ್ದಿತ್ತು. ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ಅಪ್ಪ ಎಲ್ಲಿ ಅಂತ ಕೇಳುವುದಕ್ಕೂ, ಯಜಮಾನರು ತೊಯ್ದು ತೊಪ್ಪೆಯಾಗಿ ಮೆಣಸಿನಕಾಯಿ ಮೂಟೆ ಹೊತ್ತು ಓಡಿ ಬರುವುದಕ್ಕೂ ಸರಿಹೋಯಿತು. ಮೂಟೆ ಅಲ್ಲೇ ಒಗೆದು, ಕಣ್ಣಲ್ಲಿ ನೀರು ತುಂಬಿಕೊಂಡು ಎರಡೂ ಕೈ ಚಾಚಿದರಂತೆ. ಅತ್ತೆ ಅಡ್ಡ ನಿಂತು ಮಗುವನ್ನು ತಾವೇ ಇಸಕೊಂಡು ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

"ಮೊದ್ಲು ಕೈ ತೊಳ್ಕೊಳ್ಲಾ, ಖಾರ ಐತೆ. ಆಮೇಲೆ ಆ ಮೂಟೆ ಬಿಚ್ಚಿ ಬಿಸಿಲಿಗಾಕು, ಪಕ್ಕದಲ್ಲೇ ನೀನೂ ಕೂತ್ಕೋ. ಎರಡ್ರಲ್ಲಿ ನೀ ಮೊದ್ಲು ಒಣಗಿದ್ರೆ ಮಗಾನ ಕೊಡ್ತೀನಿ."