ಓವೀದನ ಕುಂದಿಲ್ಲದ ಮೈ

ಓವೀದನಿಗೆ ಗಂಡಾಂತರ ಬಂದದ್ದು ಅವನ ಆರೋಗ್ಯದಿಂದ. ನಮ್ಮ ಲೂಯಿಸಿಯಾನಾದ ಸೀಗಡಿ ಕಾರ್ಖಾನೆಗಳಲ್ಲೆಲ್ಲ ಅಂಥ ಗಟ್ಟಿ ಆಸಾಮಿ ಇನ್ನೊಬ್ಬನಿರಲಿಲ್ಲ. ಅವನನ್ನು ಕಚ್ಚಿದರೆ ಮೊಸಳೆಯೇ ಹಲ್ಲಿನ ಡಾಕ್ಟರನ್ನು ಹುಡುಕಬೇಕು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಆ ಸೋಮವಾರ ಬೆಳಿಗ್ಗೆ ಯಜಮಾನಿ ಡೆಲ್ಮಾ ಎಲ್ಲರಿಗೂ ಒಂದೊಂದು ಫಾರಂ ಹಂಚಿದಳು.

"ನೋಡ್ರಪ್ಪಾ, ಮೊದಲೇ ಶಾಶ್ವತ ಊನ ಇರೋರಿಗೆ ಇಲ್ಲಿ ಮತ್ತೆ ಏಟಾದ್ರೆ, ಇನ್ಶೂರೆನ್ಸ್‌ನೋರು ಕೊಟ್ಟ ದುಡ್ಡನ್ನ ಸರ್ಕಾರದ ಎರಡನೇ ಏಟಿನ ನಿಧಿ ವಾಪಸ್ ಕೊಡತ್ತೆ. ಆದ್ರೆ ಆ ಊನ ನಂಗೆ ಮುಂಚೇನೇ ಗೊತ್ತಿತ್ತು ಅಂತ ಕಾಗದ ಇರ್ಬೇಕು. ಸಂಜೆಯೊಳಗೆ ಬರ್ಕೊಡಿ. ಈ ಸಲ ಒಬ್ರನ್ನ ಕೆಲಸದಿಂದ ತೆಗೀಬೇಕು. ಊನ ಇಲ್ದೋರು ಬಿದ್ರೆ ನಿಧಿ ಏನೂ ಕೊಡಲ್ಲ, ಇನ್ಶೂರೆನ್ಸ್ ಕಂತು ಏರಿ ಪೂರ್ತಿ ಹೊರೆ ನನ್ನ ತಲೆಗೇ. ಹಾಗಾಗಿ ಅಂಥೋರೇ ಮೊದಲು."

ಒಕ್ಕಣ್ಣ ಎರಾಸ್ತ್ ಮಹಾರಾಜನ ಹಾಗೆ ಎದೆಯುಬ್ಬಿಸಿದ. ಎರಡು ಬೆರಳು ಕಳಕೊಂಡಿದ್ದ ಕ್ಲೋಟೀಲ್ ಉಳಿದ ಎಂಟರಲ್ಲೇ ಚಕಚಕನೆ ಬರೆದು ಮುಗಿಸಿದಳು. ಓವೀದನ ಫಾರಂ ಮಾತ್ರ ತೊಳೆದ ತಟ್ಟೆಯಂತೆ ಖಾಲಿ.

"ಅಯ್ಯೋ ಪಾಪಿ, ಮಂಡಿನೋವಾದ್ರೂ ಇಲ್ವೇನೋ?" ಎಂದಳು ಕ್ಲೋಟೀಲ್.

"ಇಲ್ಲ ಕಣಕ್ಕಾ."

"ನಲವತ್ತು ವರ್ಷ ಏನ್ ಕಡಿದು ಕಟ್ಟೆ ಹಾಕಿದೆ ಮತ್ತೆ?" ಎರಾಸ್ತ್ ಗದರಿದ.

ಊಟದ ಬಿಡುವಿನಲ್ಲಿ ಅವನ ಗಂಬೋ ಸಾರಿನ ಬಟ್ಟಲು ಕಿತ್ತಿಟ್ಟು, ಇಬ್ಬರೂ ಅವನನ್ನು ಸಂತೆಯ ಹೋರಿಯಂತೆ ತಪಾಸಣೆ ಮಾಡಿದರು. ಹಲ್ಲು ಎಣಿಸಿದರು, ಒಂದು ಹೆಚ್ಚೇ ಇತ್ತು. ಕೊನೆಗೆ "ಕೈ ಎತ್ತು" ಎಂದಾಗ ಎಡಗೈ ಕಿವಿಯ ಹತ್ತಿರ ಬಂದು ನಿಂತೇಬಿಟ್ಟಿತು. ಏಳನೇ ವಯಸ್ಸಿನಲ್ಲಿ ಪೆಕಾನ್ ಮರದಿಂದ ಬಿದ್ದ ಫಲ!

"ಬಡ್ಡೀಮಗ್ನೆ, ಇಂಥಾ ಭುಜ ಇಟ್ಕೊಂಡು ಅಳ್ತಿದ್ದೀಯಲ್ಲೋ!" ಎಂದ ಎರಾಸ್ತ್.

ಓವೀದ್ ಭುಜದ ವಿಷಯ ಒಂದೇ ಸಾಲಿನಲ್ಲಿ ಗೀಚಿದ. ಫಾರಮನ್ನು ಬಾವುಟದಂತೆ ಬೀಸುತ್ತ ಯಜಮಾನಿಯ ಕೋಣೆಯ ಮೆಟ್ಟಿಲು ಹತ್ತಿದ. ಇನ್ನು ಮೂರೇ ಮೆಟ್ಟಿಲು ಬಾಕಿ ಇದ್ದಾಗ ಸೀಗಡಿ ಸಿಪ್ಪೆಯ ಮೇಲೆ ಕಾಲಿಟ್ಟ. ಅವನು ಉರುಳಿದ ಸದ್ದಿಗೆ ಕೊಲ್ಲಿಯ ಪೆಲಿಕನ್‌ಗಳೆಲ್ಲ ಟೆಕ್ಸಸ್‌ಗೆ ವಲಸೆ ಹೋದವು. ಕಾಲು ಮುರಿಯಿತು.

"ಎರಡನೇ ಏಟು! ಎರಡನೇ ಏಟು!" ಕ್ಲೋಟೀಲ್ ಕುಣಿದಾಡಿದಳು.

ಡೆಲ್ಮಾ ಓಡಿಬಂದು, ಅವನ ಮುಷ್ಟಿಯಿಂದ ಫಾರಂ ಬಿಡಿಸಿ ಓದಿ, ಹಣೆ ಚಚ್ಚಿಕೊಂಡಳು.

"ಲೋ, ಇದನ್ನ ನನ್ನ ಕೈಗೆ ಕೊಟ್ಟು ಬೀಳಬಾರ್ದಿತ್ತಾ? ನೀನು ಬೀಳೋವಾಗ ನಿನ್ನ ಭುಜದ ವಿಷ್ಯ ನಂಗೆಲ್ಲಿ ಗೊತ್ತಿತ್ತು? ಈಗ ನಿಧಿಯಿಂದ ನಯಾಪೈಸೆ ಹುಟ್ಟಲ್ಲ!"

"ಹೋಗ್ಲಿ ಬಿಡಿ ಅಮ್ಮಾ," ಎಂದು ನರಳಿದ ಓವೀದ್, "ಮುಂದಿನ ಸಲಕ್ಕೆ ಭುಜ ಇದ್ದೇ ಇದೆ, ಜೊತೆಗೆ ಕಾಲೂ ಆಯ್ತು. ಕೆಲಸ ಉಳೀತಲ್ಲ?"

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ ನಕ್ಕರು. "ಉಕ್ಕಿನಂಥ ಮೂಳೆ ಕಣಯ್ಯ! ಎಂಟು ವಾರದಲ್ಲಿ ಮುರಿದಿತ್ತು ಅನ್ನೋ ಗುರುತೂ ಉಳಿಯಲ್ಲ. ಇನ್ನೊಂದು ಅದೃಷ್ಟ ನೋಡು. ಬಿದ್ದ ರಭಸಕ್ಕೆ ಹಿಡ್ಕೊಂಡಿದ್ದ ಭುಜಾನೂ ಬಿಟ್ಕೊಂಡಿದೆ. ಎಲ್ಲಿ, ಕೈ ಎತ್ತು?"

ಓವೀದ್ ಹಲ್ಲುಕಚ್ಚಿ ತಡೆದ. ಹಾಳು ಕೈ ಕೇಳಲಿಲ್ಲ. ನೆಟ್ಟಗೆ ಚಾವಣಿಗೆ ಹೋಯಿತು.

ಮಂಚದ ಪಕ್ಕದಲ್ಲಿ ನಿಂತಿದ್ದ ಡೆಲ್ಮಾ ನಿಟ್ಟುಸಿರಿಟ್ಟು, ಫಾರಮಿನಲ್ಲಿದ್ದ ಒಂದೇ ಒಂದು ಸಾಲನ್ನು ಹೊಡೆದುಹಾಕಿದಳು.